ಸಿದೆಮೆನ್ ಕಣಿವೆಯಲ್ಲಿ ಮನೆ, ಜಮೀನು, ಓಡಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಫೋನ್ ಬಂದರೆ ಮೊದಲು ಮಳೆ ವಿಚಾರ, ಆಮೇಲೆ ಅಡಿಕೆ ರೇಟು, ಮೂರನೆಯದು "ಅಲ್ಲಿ ನಮಗೂ ಒಂದಿಷ್ಟು ಜಾಗ ಸಿಗುತ್ತಾ?" ಸಾಗರದ ಕಡೆಯ ನಾನು ಬಾಲಿಯ ಪೂರ್ವ ಭಾಗದ ಹಳ್ಳಿಯೊಂದರಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಂದೇ ಉತ್ತರವನ್ನು ನೂರು ಸಲ ಹೇಳಿದ್ದೇನೆ. ಇನ್ನು ಮೇಲೆ ಇದನ್ನೇ ಓದಿಕೊಳ್ಳಿ.

ಬಾಲಿ ಅಂದರೆ ಸಮುದ್ರ, ಬೀಚು. ನೀವು ಹೇಳುವ ಹಳ್ಳಿ ಎಲ್ಲಿದೆ?

ಕರಂಗಸೆಮ್ ಜಿಲ್ಲೆಯಲ್ಲಿ, ಅಗುಂಗ್ ಪರ್ವತದ ದಕ್ಷಿಣ ತಪ್ಪಲಲ್ಲಿ. ಕಣಿವೆಯ ಹೆಸರು ಸಿದೆಮೆನ್. ಕೆಳಗೆ ಹೊಳೆ, ಅದರ ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಗದ್ದೆಯ ಮೇಲೆ ತೆಂಗು, ಅದರ ಮೇಲೆ ಮೋಡ. ಬೆಳಿಗ್ಗೆ ಆರೂವರೆಗೆ ಮೋಡ ಸರಿದರೆ ಪರ್ವತ ಕಾಣುತ್ತದೆ, ಒಂಬತ್ತಕ್ಕೆ ಮತ್ತೆ ಮುಸುಕು ಹಾಕಿಕೊಳ್ಳುತ್ತದೆ. ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ 1930ರ ದಶಕದಲ್ಲಿ ಬಾಲಿಯ ಪ್ರವಾಸಿ ಪಟ್ಟಣ ಉಬುದ್‌ನ ಗದ್ದಲ ತಪ್ಪಿಸಿಕೊಂಡು ಪಕ್ಕದ ಇಸೆ ಎಂಬ ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ. ಆ ಕಾಲಕ್ಕೇ ಉಬುದ್ ಗದ್ದಲವಾಗಿತ್ತು ಅನ್ನುವುದನ್ನು ಗಮನಿಸಿ.

ಬೆಂಗಳೂರಿನಿಂದ ಹೇಗೆ ಬರುವುದು?

ಬೆಂಗಳೂರಿನಿಂದ ಬಾಲಿಯ ರಾಜಧಾನಿ ದೆನ್‌ಪಸಾರ್‌ಗೆ ನೇರ ವಿಮಾನ 2024ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಸಿಂಗಪುರವೋ ಕ್ವಾಲಾಲಂಪುರವೋ ಸುತ್ತಿಕೊಂಡು ಬರಬೇಕಿತ್ತು. ಇಳಿದ ಕೂಡಲೇ ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿ. ನಿಲ್ದಾಣದಿಂದ ಕಣಿವೆಗೆ ಸುಮಾರು ಎರಡು ಗಂಟೆ ದಾರಿ. ಕ್ಲುಂಕುಂಗ್ ಪೇಟೆವರೆಗೆ ರಸ್ತೆ ಅಗಲವಾಗಿದೆ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಘಾಟಿ ರಸ್ತೆಯಂಥದ್ದು, ಎದುರಿಗೆ ಕಪ್ಪು ಮರಳು ತುಂಬಿದ ಲಾರಿಗಳು.

ಬಸ್ಸಿನ ಮಾತು ಬೇಡ. ಬೇಮೊ ಎಂಬ ಸಣ್ಣ ವ್ಯಾನುಗಳು ಹಿಂದೆ ಊರೂರಿಗೆ ಓಡುತ್ತಿದ್ದವು, ಈಗ ಸಂತೆಗೆ ಹೋಗುವ ಅಜ್ಜಿಯರಿಗಾಗಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಆ್ಯಪ್‌ನಲ್ಲಿ ಕರೆದರೆ ಕಾರು ಬಂದು ಬಿಡುತ್ತದೆ, ಆದರೆ ವಾಪಸು ಹೋಗಲು ಕಣಿವೆಯಿಂದ ಅದೇ ಆ್ಯಪ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಮನೆಯ ಯಜಮಾನನಿಗೇ ಹೇಳಿ. ಅವನ ಭಾವನೋ ಅಳಿಯನೋ ಕಾರು ಇಟ್ಟಿರುತ್ತಾನೆ.

ವೀಸಾ?

ಭಾರತೀಯರಿಗೆ ಬಂದಿಳಿದ ಮೇಲೂ ಸಿಗುತ್ತದೆ, ಹೊರಡುವ ಮುಂಚೆ ಆನ್‌ಲೈನಿನಲ್ಲೂ ಮಾಡಿಸಬಹುದು. 5 ಲಕ್ಷ ರುಪಿಯಾ (ನಮ್ಮ ರೂಪಾಯಿಯಲ್ಲ, ಇಲ್ಲಿನ ಹಣ), 30 ದಿನ. ಒಮ್ಮೆ ಮಾತ್ರ ಇನ್ನೊಂದು 30 ದಿನ ವಿಸ್ತರಿಸಬಹುದು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಇದರ ಮೇಲೆ 2024ರ ಫೆಬ್ರವರಿಯಿಂದ ಬಾಲಿ ಪ್ರಾಂತ್ಯದ್ದೇ ಬೇರೆ ಪ್ರವಾಸಿ ಸುಂಕ, ತಲೆಗೆ ಒಂದೂವರೆ ಲಕ್ಷ ರುಪಿಯಾ. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ಒಂದೇ ದಿನ ತಾನೇ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಸಂಬಳವಿಲ್ಲದೆ ಊರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ ಅಂದರೂ ಅದು ಕೆಲಸವೇ. ಒಳ್ಳೆಯ ಮನಸ್ಸಿನಿಂದ ಹೊರಟವರೇ ಇದರಲ್ಲಿ ಸಿಕ್ಕಿಬೀಳುವುದು ಹೆಚ್ಚು.

ಲಕ್ಷ ಅಂದರೆ ಹೆದರಿಕೆಯಾಗುತ್ತದೆ. ಲೆಕ್ಕ ಹೇಗೆ?

ಮೂರು ಸೊನ್ನೆ ಕಿತ್ತು ಐದೂವರೆಯಿಂದ ಗುಣಿಸಿ. ಒಂದು ಲಕ್ಷದ ಕೆಂಪು ನೋಟು ಅಂದರೆ ನಮ್ಮ ಐನೂರರ ನೋಟಿಗಿಂತ ಚೂರು ಜಾಸ್ತಿ. ಎಟಿಎಂಗಳಲ್ಲಿ ಬಹಳಷ್ಟು ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡು ಕೊಡುತ್ತವೆ, ದುಡ್ಡು ಕಂಡ ಖುಷಿಯಲ್ಲಿ ಕಾರ್ಡು ಬಿಟ್ಟು ಬರಬೇಡಿ. ಗೂಡಂಗಡಿಯ ಗೋಡೆಯ ಮೇಲೆ ಕ್ಯೂಆರ್ ಚೌಕ ಕಂಡ ಕೂಡಲೇ ಫೋನ್‌ಪೇ ತೆಗೆಯುವವರಿಗೆ: ಅದು ಇಲ್ಲಿನ ಬ್ಯಾಂಕುಗಳ ವ್ಯವಸ್ಥೆ. ಕಿಸೆಯಲ್ಲಿ ನಗದು ಇರಲಿ, ಅದರಲ್ಲೂ ಚಿಲ್ಲರೆ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?

ಎಲ್ಲರೂ ತೆಗೆದುಕೊಳ್ಳುತ್ತಾರೆ. ನಮ್ಮ ಹಾಗೇ ಎಡಗಡೆ ಓಡಿಸುವುದು, ಆ ಕಷ್ಟವಿಲ್ಲ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬನ್ನಿ, ಅದರಲ್ಲಿ ದ್ವಿಚಕ್ರದ ಮುದ್ರೆ ಇರುವುದನ್ನು ಕೌಂಟರಿನಲ್ಲೇ ನೋಡಿಕೊಳ್ಳಿ. ಕಾರಿನ ಮುದ್ರೆ ಮಾತ್ರ ಇದ್ದು ಸ್ಕೂಟರಿನಲ್ಲಿ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಗದ್ದೆ ಪಕ್ಕದ ಕಾಂಕ್ರೀಟು ದಾರಿ ಒಂದೇ ಸ್ಕೂಟರಿನಷ್ಟು ಅಗಲ, ಪಕ್ಕಕ್ಕೆ ಕಾಲುವೆ. ಎದುರಿಂದ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು ಬಂದರೆ ಇಳಿದು ನಿಲ್ಲಬೇಕಾದವರು ನೀವು.

ಅಲ್ಲಿ ಊರನ್ನು ನಡೆಸುವವರು ಯಾರು? ಪಂಚಾಯ್ತಿ ಇದೆಯಾ?

ಇದನ್ನು ಅರ್ಥ ಮಾಡಿಕೊಳ್ಳದೆ ಜಮೀನಿನ ಮಾತಿಗೆ ಹೋಗಬೇಡಿ.

ಮೊದಲು ಒಂದು ತಮಾಷೆ. ನಮ್ಮ ದೇಶ ಅವರಿಗೆ ಹಳ್ಳಿ, ನಮ್ಮ ನಗರ ಅವರಿಗೆ ದೇಶ. ಇಂಡೋನೇಷ್ಯನ್ ಭಾಷೆಯಲ್ಲಿ ದೇಸ ಅಂದರೆ ಗ್ರಾಮ, ನೆಗರ ಅಂದರೆ ರಾಷ್ಟ್ರ. ಎರಡೂ ಸಂಸ್ಕೃತದಿಂದ ಹೋದವು, ದಾರಿಯಲ್ಲಿ ಜಾಗ ಅದಲು ಬದಲು ಮಾಡಿಕೊಂಡವು.

ಬಾಲಿಯಲ್ಲಿ ಪ್ರತಿ ಊರಿಗೂ ಎರಡು ದೇಸ. ಒಂದು ಸರ್ಕಾರದ್ದು, ದೇಸ ದಿನಾಸ್. ಅದರ ಮುಖ್ಯಸ್ಥ ಪೆರ್ಬೆಕೆಲ್, ಚುನಾಯಿತ. 2014ರ ಗ್ರಾಮ ಕಾನೂನು ಬಂದ ಮೇಲೆ ಕೇಂದ್ರದಿಂದ ನೇರವಾಗಿ ಹಣ ಬರುತ್ತದೆ. ಗುರುತಿನ ಚೀಟಿ, ರಸ್ತೆ ಎಲ್ಲ ಅಲ್ಲಿ. ಇನ್ನೊಂದು ದೇಸ ಅದತ್, ಸಂಪ್ರದಾಯದ ಊರು. ಅದರ ಮುಖ್ಯಸ್ಥ ಬೆಂದೆಸ. ಗುಡಿ, ಸ್ಮಶಾನ, ಹಬ್ಬ, ಊರಿನ ಜಮೀನು ಅಲ್ಲಿ. ಅದರೊಳಗೆ ಬಂಜಾರ್ ಅಂದರೆ ಕೇರಿ, ಹತ್ತಾರು ಅಥವಾ ನೂರಾರು ಮನೆಗಳ ಕೂಟ. ಅದರ ಹಿರಿಯ ಕೆಲಿಯನ್. ಮರದ ಕೊರಡನ್ನು ಟೊಳ್ಳು ಮಾಡಿದ ಕುಲ್‌ಕುಲ್ ಎಂಬ ಗಂಟೆ ಬಾರಿಸಿದರೆ ಮನೆಗೊಬ್ಬ ಹೋಗಬೇಕು. ಬಾರಿಸುವ ಲಯದಲ್ಲೇ ಸಾವೋ, ಬೆಂಕಿಯೋ, ಸಭೆಯೋ ತಿಳಿಯುತ್ತದೆ. ಹೋಗದಿದ್ದರೆ ದಂಡ, ಪದೇ ಪದೇ ತಪ್ಪಿಸಿದರೆ ಮಾತು ಬಿಡುತ್ತಾರೆ. ಆ ಮನೆಯಲ್ಲಿ ಸಾವಾದಾಗ ಹೆಣ ಹೊರಲು ಯಾರೂ ಬರದೇ ಇರಬಹುದು ಅನ್ನುವ ಭಯ ಇಲ್ಲಿ ಪೊಲೀಸರ ಭಯಕ್ಕಿಂತ ದೊಡ್ಡದು. ಈ ನಿಯಮಗಳಿಗೆ ಅವಿಗ್-ಅವಿಗ್ ಅನ್ನುತ್ತಾರೆ. 2019ರ ಪ್ರಾಂತೀಯ ಕಾನೂನು ದೇಸ ಅದತ್‌ಗೆ ಅಧಿಕೃತ ಬಲ ಕೊಟ್ಟಿದೆ. ಅದೇ ಕಾನೂನಿನ ಲೆಕ್ಕದಲ್ಲಿ ನಾನೂ ನೀವೂ ತಮಿಯು, ಅಂದರೆ ಅತಿಥಿ. ನಾವೂ ಹಿಂದೂಗಳು ಅಂದರೂ ತಮಿಯುವೇ.

ಕೇರಿಯ ಬಾಯಲ್ಲೇ ಒಂದು ಫಲಕ ಇರುತ್ತದೆ: ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಿ. ತುಕ್ಕು ಹಿಡಿದ ಹಳೆಯ ತಗಡು ನೋಡಿ ಇದು ಯಾರ ಕಾಲದ್ದೋ ಅಂದುಕೊಳ್ಳಬೇಡಿ, ಪಾಸ್‌ಪೋರ್ಟ್ ಪ್ರತಿ ಹಿಡಿದು ಹೋಗಿ ಬನ್ನಿ.

ಸರಿ, ನೇರ ವಿಷಯಕ್ಕೆ ಬನ್ನಿ. ನಾನು ಜಮೀನು ಕೊಳ್ಳಬಹುದಾ?

ಇಲ್ಲ.

ಪೂರ್ಣ ಒಡೆತನಕ್ಕೆ ಇಲ್ಲಿ ಹಕ್ ಮಿಲಿಕ್ ಅನ್ನುತ್ತಾರೆ. 1960ರ ಮೂಲ ಭೂ ಕಾನೂನಿನ ಪ್ರಕಾರ ಅದು ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಪ್ರಜೆಯಾಗಬೇಕಾದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು, ಎರಡೂ ಕಡೆ ದ್ವಿಪೌರತ್ವ ಇಲ್ಲ. ಇದನ್ನು ಕೇಳಿ ನಮ್ಮವರಿಗೆ ಸಿಟ್ಟು ಬರುತ್ತದೆ. ಕರ್ನಾಟಕದಲ್ಲೇ 2020ರ ತಿದ್ದುಪಡಿವರೆಗೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವಂತಿರಲಿಲ್ಲ ಎಂಬುದು ಆಗ ನೆನಪಿಗೆ ಬರುವುದಿಲ್ಲ. ಇಲ್ಲಿ ಜಕಾರ್ತಾದ ಶ್ರೀಮಂತನಿಗೂ ಗದ್ದೆ ಕೊಳ್ಳುವುದು ಸುಲಭವಲ್ಲ: ಜಮೀನಿರುವ ಕಡೆ ವಾಸವಿಲ್ಲದವರು ಕೃಷಿಭೂಮಿ ಇಟ್ಟುಕೊಳ್ಳಬಾರದು ಎಂಬ ನಿಯಮ 1960ರ ದಶಕದಿಂದಲೂ ಇದೆ. ಪಾಲನೆ ಎಷ್ಟು ಎಂದು ಕೇಳಬೇಡಿ.

ವಿದೇಶಿಯರಿಗೆ ಉಳಿಯುವುದು ಮೂರು ದಾರಿ. ಮೊದಲನೆಯದು ಹಕ್ ಪಕಾಯ್, ಬಳಕೆ ಹಕ್ಕು. ಇದಕ್ಕೆ ವಾಸದ ಪರವಾನಗಿ ಬೇಕು. 30 ವರ್ಷ, ಆಮೇಲೆ 20, ಆಮೇಲೆ ನವೀಕರಣ 30. ಮನೆಯ ಕನಿಷ್ಠ ಬೆಲೆಗೆ ಸರ್ಕಾರ ಮಿತಿ ಹಾಕಿದೆ, ಅದು ಹಳ್ಳಿಯ ಎರಡು ಕೋಣೆ ಮನೆಗೆ ಹೊಂದುವಂಥದ್ದಲ್ಲ. ಎರಡನೆಯದು ವಿದೇಶಿ ಬಂಡವಾಳದ ಕಂಪನಿ ಕಟ್ಟಿ ಅದರ ಹೆಸರಿನಲ್ಲಿ ಕಟ್ಟಡದ ಹಕ್ಕು ಪಡೆಯುವುದು. ಸಾವಿರ ಕೋಟಿ ರುಪಿಯಾ, ಅಂದರೆ ನಮ್ಮ ಐದು ಕೋಟಿಗೂ ಮೀರಿದ ಹೂಡಿಕೆಯ ಯೋಜನೆ ತೋರಿಸಬೇಕು. ಮೂರನೆಯದು ಸೆವ, ಗುತ್ತಿಗೆ. ಹಳ್ಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹಿಡಿಯುವ ದಾರಿ ಇದೇ. ನಾನೂ ಅದರಲ್ಲೇ ಇದ್ದೇನೆ.

ಊರಿನವರೊಬ್ಬರ ಹೆಸರಲ್ಲಿ ಕೊಂಡು, ಪಕ್ಕದಲ್ಲಿ ಒಪ್ಪಂದ ಬರೆಸಿಕೊಂಡರೆ?

ಬೇನಾಮಿ. ಇಲ್ಲಿ ಅದಕ್ಕೆ ನೊಮಿನಿ ಅನ್ನುತ್ತಾರೆ. ಅದನ್ನು ಮಾಡಿಸಿಕೊಡುವ ದಲ್ಲಾಳಿಗಳೂ ಸಿಗುತ್ತಾರೆ, ಇಸ್ತ್ರಿ ಮಾಡಿದ ಬಾತಿಕ್ ಅಂಗಿ ಹಾಕಿಕೊಂಡು ಬರುತ್ತಾರೆ. ಅದೇ 1960ರ ಕಾನೂನಿನ 26ನೇ ಕಲಮು ಓದಿಸಿ ನೋಡಿ. ವಿದೇಶಿಗೆ ನೇರವಾಗಿಯೋ ಸುತ್ತುಬಳಸಿಯೋ ಒಡೆತನ ದಾಟಿಸುವ ಯಾವುದೇ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡು ವಾಪಸು ಕೇಳುವಂತಿಲ್ಲ. ಮೂರೂ ಒಂದೇ ಕಡೆ ಬರೆದಿದೆ.

ಇನ್ನೊಂದು ಮಾತು. ಹೆಸರು ಕೊಟ್ಟವನು ಎಷ್ಟೇ ಒಳ್ಳೆಯವನಿರಲಿ, ಅವನು ತೀರಿಕೊಂಡ ಮೇಲೆ ಅವನ ಮೂವರು ಗಂಡುಮಕ್ಕಳೂ ಅಷ್ಟೇ ಒಳ್ಳೆಯವರಿರಬೇಕಲ್ಲ.

ಇಲ್ಲಿಯವರನ್ನೇ ಮದುವೆಯಾದರೆ?

ಜಮೀನಿಗೋಸ್ಕರ ಮದುವೆಯಾಗುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಪ್ರೀತಿಸಿ ಆಗುವವರಿಗೆ: ಆಸ್ತಿ ಬೇರೆ ಬೇರೆ ಎಂಬ ಒಪ್ಪಂದ ಮಾಡಿಸಿ, ಇಲ್ಲದಿದ್ದರೆ ನಿಮ್ಮಿಂದಾಗಿ ನಿಮ್ಮ ಹೆಂಡತಿಯೋ ಗಂಡನೋ ತಮ್ಮ ಹಕ್ಕನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು. ಮೊದಲು ಇದನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. ಸಂವಿಧಾನ ನ್ಯಾಯಾಲಯದ ತೀರ್ಪು ಬಂದ ಮೇಲೆ ಮದುವೆಯ ನಂತರವೂ ಮಾಡಬಹುದು. ಉತ್ತರಾಧಿಕಾರದಲ್ಲಿ ಜಮೀನು ವಿದೇಶಿಗೆ ಬಂದರೆ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು.

ಗುತ್ತಿಗೆ ಮಾಡುವಾಗ ಏನೇನು ನೋಡಬೇಕು?

ಅಳತೆಯಿಂದ ಶುರು ಮಾಡೋಣ. ಇಲ್ಲಿ ಜಮೀನಿನ ಲೆಕ್ಕ 'ಆರೆ'ಯಲ್ಲಿ. ಒಂದು ಆರೆ ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚಿಲ್ಲರೆ. ಹಾಗಾಗಿ "ಐದು ಆರೆ" ಅಂದರೆ ಐದು ಗುಂಟೆ ಅಂತಲೇ ತಿಳಿಯಿರಿ. ಇಡೀ ವ್ಯವಹಾರದಲ್ಲಿ ನಮಗೆ ಸುಲಭವಾಗಿರುವುದು ಇದೊಂದೇ.

ಬೆಲೆ ಹೇಳುವುದು ಆರೆಗೆ ವರ್ಷಕ್ಕೆ ಇಷ್ಟು ಅಂತ, ಆದರೆ ಇಪ್ಪತ್ತೈದು ಮೂವತ್ತು ವರ್ಷದ್ದನ್ನು ಬಹುತೇಕ ಒಂದೇ ಗಂಟಿನಲ್ಲಿ ಮೊದಲೇ ಕೇಳುತ್ತಾರೆ. ಬರೀ ಮನೆ ಬಾಡಿಗೆಗೂ ಹಾಗೇ, ತಿಂಗಳ ಲೆಕ್ಕ ಇಲ್ಲ, ವರ್ಷದ್ದು ಮೊದಲೇ ಕೊಡಬೇಕು. ಗುತ್ತಿಗೆ ಹಣದ ಮೇಲೆ ಶೇ 10ರಷ್ಟು ತೆರಿಗೆ ಮಾಲೀಕನದ್ದು, ಆದರೆ ಕರಾರಿನಲ್ಲಿ ಅದನ್ನು ಮೆಲ್ಲಗೆ ನಿಮ್ಮ ತಲೆಗೆ ಕಟ್ಟಿರುತ್ತಾರೆ. ಆ ಸಾಲು ಹುಡುಕಿ ಓದಿ.

ನೋಟರಿ ಮುಂದೆ ಕೂರುವ ಮುಂಚೆ ಜಿಲ್ಲಾ ಭೂ ಕಚೇರಿಯಲ್ಲಿ ಪ್ರಮಾಣಪತ್ರ ಪರಿಶೀಲಿಸಿ. ಅದರಲ್ಲಿ ಯಾರ ಹೆಸರಿದೆ, ಮಾತಾಡುತ್ತಿರುವವನದ್ದೋ ಅವನ ತೀರಿಹೋದ ಅಜ್ಜನದ್ದೋ? ಅಜ್ಜನದಾದರೆ ಎಲ್ಲ ವಾರಸುದಾರರ ಸಹಿ ಬೇಕು. ಮನೆಯಂಗಳದ ಜಾಗ ದೇಸ ಅದತ್‌ಗೆ ಸೇರಿದ್ದಾದರೆ ಅದು ಮಾರುವಂಥದ್ದೇ ಅಲ್ಲ. ಅಲ್ಲಿ ವಾಸಿಸುವ ಕುಟುಂಬ ಊರಿನ ಸೇವೆಗೆ ಬದಲಾಗಿ ಆ ನೆಲದಲ್ಲಿದೆ. ಗುಡಿಯ ಖರ್ಚಿಗೆ ಬಿಟ್ಟ ಭೂಮಿಗೆ ಲಬ ಪುರ ಅನ್ನುತ್ತಾರೆ. ನಮ್ಮ ಉಂಬಳಿ, ಮಾನ್ಯಗಳ ನೆನಪಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ದಾರಿ ನೋಡಿ. ಇದನ್ನು ನಾನು ನೋಡಲಿಲ್ಲ. ಮನೆ ಚೆನ್ನಾಗಿತ್ತು, ಜಗುಲಿಯಿಂದ ಪರ್ವತ ಕಾಣುತ್ತಿತ್ತು, ಸಹಿ ಹಾಕಿದೆ. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾಲುದಾರಿಗೆ ಅಡ್ಡ ಒಂದು ಬಿದಿರು ಕಟ್ಟಿತ್ತು. ಹಸಿ ಬಿದಿರು, ಆಗಷ್ಟೇ ಕಡಿದದ್ದು. ಅದರ ಬುಡದಲ್ಲಿ ಬಾಳೆ ಎಲೆಯ ಚೂರಿನ ಮೇಲೆ ಹೂವು, ಎರಡು ಅಗುಳು ಅನ್ನ, ಹೊಗೆಯಾಡುವ ಊದುಬತ್ತಿ. ದಾರಿಯ ಹತ್ತು ಮೀಟರು ನನ್ನ ಮಾಲೀಕನದ್ದಲ್ಲ, ಅವನ ದಾಯಾದಿಯದು. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಕರಾರು ಪತ್ರ ತೋರಿಸಿದೆ. ಯಾರೂ ಕೈಯಲ್ಲೂ ಹಿಡಿಯಲಿಲ್ಲ. ಕೊನೆಗೆ ಕೆಲಿಯನ್ ಬಂದು ಬಿದಿರಿನ ಪಕ್ಕವೇ ಕುಕ್ಕರುಗಾಲಲ್ಲಿ ಕುಳಿತು ಎರಡು ಲವಂಗದ ಸಿಗರೇಟು ಸೇದಿ ಮುಗಿಸಿದ. ಸಂಜೆ ಬಂಜಾರ್ ಕಟ್ಟೆಯಲ್ಲಿ ಎಲ್ಲರನ್ನೂ ಕೂರಿಸಿದ. ದಾಯಾದಿಗೆ ದಾರಿಯ ಬಾಬ್ತು ವರ್ಷಕ್ಕಿಷ್ಟು, ಬಂಜಾರ್‌ಗೆ ನನ್ನ ತಿಂಗಳ ವಂತಿಗೆ ಎಂದು ತೀರ್ಮಾನವಾಯಿತು. ಮರುದಿನ ಬಿದಿರು ಬಿಚ್ಚಿದವನು ಕಟ್ಟಿದವನೇ. ನಕ್ಕು ಒಂದು ಗೊಂಚಲು ಸಲಕ್ ಹಣ್ಣನ್ನೂ ಕೊಟ್ಟ.

ಹಾಗಾಗಿ ಜಾಗ ಮೆಚ್ಚಿದರೆ ನೋಟರಿಗಿಂತ ಮುಂಚೆ ಕೆಲಿಯನ್ ಮನೆಗೆ ಹೋಗಿ. ಖಾಲಿ ಕೈಯಲ್ಲಿ ಬೇಡ, ಕಾಫಿ ಪುಡಿ, ಸಕ್ಕರೆ ಸಾಕು.

ಗದ್ದೆ ನಡುವೆ ಒಂದು ಪುಟ್ಟ ಮನೆ ಕಟ್ಟಬೇಕೆಂದು ಆಸೆ.

ಎಲ್ಲರಿಗೂ ಅದೇ ಆಸೆ, ಅದಕ್ಕೇ ಗದ್ದೆ ಉಳಿಯುತ್ತಿಲ್ಲ. ಹಸಿರು ವಲಯದ ಜಾಗದಲ್ಲಿ ಕಟ್ಟುವಂತಿಲ್ಲ, ವಲಯದ ನಕ್ಷೆ ಜಿಲ್ಲಾ ಕಚೇರಿಯಲ್ಲಿದೆ. ಕಟ್ಟಬಹುದಾದ ಜಾಗದಲ್ಲೂ 2021ರಿಂದ ಹೊಸ ಬಗೆಯ ಅನುಮತಿ ಬೇಕು, ಅದಕ್ಕೆ ಪಿಬಿಜಿ ಅನ್ನುತ್ತಾರೆ. ಎತ್ತರ 15 ಮೀಟರ್ ಮೀರಬಾರದು, ತೆಂಗಿನ ಮರದಷ್ಟು ಎಂಬ ಹಳೆಯ ಮಾತು.

ಇದರ ಜೊತೆ ಸುಬಕ್. ಒಂದೇ ಕಾಲುವೆಯಿಂದ ನೀರು ಪಡೆಯುವ ರೈತರ ಸಂಘ ಅದು, ಊರಿನ ಗಡಿಗೂ ಅದಕ್ಕೂ ಸಂಬಂಧವಿಲ್ಲ, ನೀರಿನ ಗಡಿಯೇ ಅದರ ಗಡಿ. ಮುಖ್ಯಸ್ಥ ಪೆಕಸೆ. ಯಾರು ಯಾವಾಗ ನಾಟಿ ಮಾಡಬೇಕು, ಯಾರ ಗದ್ದೆಗೆ ಎಷ್ಟು ನೀರು ಎಂಬುದು ನೀರಿನ ಗುಡಿಗಳಲ್ಲಿ ತೀರ್ಮಾನವಾಗುತ್ತದೆ. ಅಕ್ಕಪಕ್ಕದವರು ಒಟ್ಟಿಗೆ ನೆಟ್ಟು ಒಟ್ಟಿಗೆ ಬಯಲು ಬಿಟ್ಟರೆ ಇಲಿ, ಹುಳುಗಳಿಗೆ ತಿನ್ನಲು ಏನೂ ಉಳಿಯುವುದಿಲ್ಲ ಎಂಬ ಲೆಕ್ಕವೂ ಅದರೊಳಗಿದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹುಮ್ಮಸ್ಸಿನಲ್ಲಿ ಅಧಿಕಾರಿಗಳು ಇದನ್ನು ಬದಿಗಿಟ್ಟು ಸಾಧ್ಯವಾದಷ್ಟು ಬೇಗ ಬೇಗ ಬೆಳೆ ತೆಗೆಯಿರಿ ಅಂದರು. ನೀರಿನ ಜಗಳ, ಕೀಟ ಎರಡೂ ಹೆಚ್ಚಿದವು. ಸುಬಕ್ ಪದ್ಧತಿಯ ಐದು ತಾಣಗಳು 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ನಮ್ಮ ಕಣಿವೆ ಆ ಪಟ್ಟಿಯಲ್ಲಿಲ್ಲ, ನೀರು ಮಾತ್ರ ಅದೇ ಪದ್ಧತಿಯಲ್ಲಿ ಹರಿಯುತ್ತದೆ. ಮೇಲಿನ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದರೆ ಕೆಳಗಿನ ಎಂಟು ಗದ್ದೆಯವರು ನಿಮ್ಮ ಬಾಗಿಲಿಗೆ ಬರುತ್ತಾರೆ.

ಅಲ್ಲೂ ವಾಸ್ತು ಇದೆಯಂತೆ?

ಇದೆ. ಅಸ್ತ ಕೋಸಲ ಕೋಸಲಿ. ಅಳತೆ ಮನೆಯ ಯಜಮಾನನ ಮೈಯಿಂದಲೇ, ಅವನ ಗೇಣು, ಮೊಳ, ಹೆಜ್ಜೆ. ಮನೆದೇವರ ಗುಡಿ ಇಲ್ಲಿ ಈಶಾನ್ಯದಲ್ಲೇ. ಆದರೆ ಅವರು ಈಶಾನ್ಯ ಅನ್ನುವುದಿಲ್ಲ. ಕಜ ಅಂದರೆ ಪರ್ವತದ ಕಡೆ, ಕೆಲೊದ್ ಅಂದರೆ ಸಮುದ್ರದ ಕಡೆ. ನಮ್ಮ ಕಣಿವೆಯಲ್ಲಿ ಕಜ ಉತ್ತರ. ಪರ್ವತದ ಆಚೆ, ಉತ್ತರ ಕರಾವಳಿಯವರಿಗೆ ಅದೇ ಕಜ ದಕ್ಷಿಣ. ನಮ್ಮ ಕರಾವಳಿಯವರು ಘಟ್ಟದ ಮೇಲೆ, ಕೆಳಗೆ ಅಂದ ಹಾಗೆ. ಗೂಗಲ್ ನಕ್ಷೆ ಹಿಡಿದು ಬಂದವರಿಗೆ ಇದು ತಲೆಗೆ ಹತ್ತುವುದಿಲ್ಲ. ಮಲಗುವಾಗ ಕಾಲು ಪರ್ವತದ ಕಡೆ ಚಾಚಬೇಡಿ.

ಬಾಡಿಗೆ ಮನೆಯ ಅಂಗಳದಲ್ಲಿ ಪುಟ್ಟ ಗುಡಿ ಇದ್ದರೆ ದಿನದ ನೈವೇದ್ಯ ಯಾರು ಇಡುತ್ತಾರೆ ಎಂಬುದನ್ನೂ ಮೊದಲೇ ಮಾತಾಡಿ. ಅದಕ್ಕಾಗಿ ಮಾಲೀಕನ ಹೆಂಡತಿ ಬೆಳಿಗ್ಗೆ ನಿಮ್ಮ ಅಂಗಳಕ್ಕೆ ಬರುತ್ತಾರೆ, ನೀವು ಲುಂಗಿಯಲ್ಲಿದ್ದರೂ ಬರುತ್ತಾರೆ.

ಕರೆಂಟು, ನೀರು, ಗ್ಯಾಸು, ಇಂಟರ್‌ನೆಟ್ಟು?

ಕರೆಂಟು ಹೆಚ್ಚಾಗಿ ಪ್ರೀಪೇಯ್ಡ್. ಅಂಗಡಿಯಲ್ಲೋ ಫೋನಿನಲ್ಲೋ ದುಡ್ಡು ಕೊಟ್ಟರೆ 20 ಅಂಕಿ ಬರುತ್ತದೆ, ಗೋಡೆಯ ಮೀಟರಿನ ಗುಂಡಿ ಒತ್ತಿ ತುಂಬಬೇಕು. ಮುಗಿಯುತ್ತ ಬಂದರೆ ಮೀಟರು ಕುಯ್ಯೋ ಅನ್ನುತ್ತದೆ, ಅದೂ ಮನೆಯ ಹೊರಗೋಡೆಯ ಮೇಲೆ. ನಿಮ್ಮ ದುಡ್ಡು ಮುಗಿದದ್ದು ನಿಮಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗಿ, ಅವರೇ ಬಂದು "ಪಾಕ್, ಬುನ್ಯಿ" ಅನ್ನುತ್ತಾರೆ. ಸ್ವಾಮಿ, ಕೂಗ್ತಿದೆ. ಹಳ್ಳಿ ಮನೆಗೆ 900 ಅಥವಾ 1300 ವಿಎ ಸಂಪರ್ಕವಿದ್ದರೆ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ನೀರಿನ ಪಂಪು ಒಟ್ಟಿಗೆ ಹಾಕಬೇಡಿ.

ಕುಡಿಯಲು 19 ಲೀಟರಿನ ಕ್ಯಾನು. ಗ್ಯಾಸು ಸಿಲಿಂಡರು ಸಬ್ಸಿಡಿಯ 3 ಕಿಲೋದ್ದು ಹಸಿರು ಬಣ್ಣ, ಗುಂಡಗೆ, ಅದಕ್ಕೇ 'ಮೆಲೊನ್' ಎಂದು ಅಡ್ಡಹೆಸರು. ಅದು ಬಡವರಿಗೆ. ನೀವು ದೊಡ್ಡದು ಕೊಳ್ಳಿ. ಊರಿಂದ ತಂದ ಫೋನಿಗೆ ಇಲ್ಲಿನ ಸಿಮ್ ಹಾಕಿ 90 ದಿನಕ್ಕೂ ಹೆಚ್ಚು ಬಳಸುವುದಾದರೆ ಸುಂಕ ಕಟ್ಟಿ ನೋಂದಾಯಿಸಬೇಕು, ಇಲ್ಲದಿದ್ದರೆ ಸಿಗ್ನಲ್ ಹೋಗುತ್ತದೆ. ಕಸಕ್ಕೆ ಗಾಡಿ ಎಲ್ಲ ಊರಿಗೂ ಬರುವುದಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಪ್ರಾಂತ್ಯದಲ್ಲಿ ನಿಷೇಧವಿದ್ದರೂ ಸಂಜೆ ಹೊತ್ತಿಗೆ ಅಂಗಳದಲ್ಲಿ ಸುಡುವ ವಾಸನೆ ಬಂದೇ ಬರುತ್ತದೆ. ಈ ಊರಿನಲ್ಲಿ ನನಗೆ ಇನ್ನೂ ಒಗ್ಗದಿರುವುದು ಅದು.

ನಾವು ಸಸ್ಯಾಹಾರಿಗಳು. ಊಟಕ್ಕೇನು ಗತಿ?

ಹಿಂದೂಗಳ ಊರು, ಹಾಗಾಗಿ ಸಸ್ಯಾಹಾರ ಸಿಗುತ್ತದೆ ಎಂದು ಬರುವವರಿದ್ದಾರೆ. ಹಬ್ಬದ ಅಡುಗೆಗೆ ಇಲ್ಲಿ ಹಂದಿ ಬೇಕೇ ಬೇಕು, ಲವಾರ್ ಎಂಬ ಪಲ್ಯಕ್ಕೆ ಅದರ ರಕ್ತವನ್ನೂ ಕಲಸುತ್ತಾರೆ. ಆದರೂ ಉಪವಾಸ ಬೀಳುವುದಿಲ್ಲ. ಅನ್ನ, ತೆಂಪೆ ಎಂಬ ಹುದುಗಿಸಿದ ಸೋಯಾ ಬಿಲ್ಲೆ, ತಾಹು ಅಂದರೆ ತೋಫು, ಹರಿವೆಯಂಥ ಸೊಪ್ಪು, ತೆಂಗಿನತುರಿ ಬೆರೆಸಿದ ಉರಾಪ್. ಉರಾಪ್ ತಿಂದರೆ ನಮ್ಮ ಬೀನ್ಸ್ ಪಲ್ಯವೇ, ಒಗ್ಗರಣೆ ಮಾತ್ರ ಇಲ್ಲ. ಕಣ್ಣಿಗೆ ಕಾಣದ ಶತ್ರು ತೆರಾಸಿ, ಸಿಗಡಿಯನ್ನು ಕೊಳೆಸಿ ಮಾಡಿದ ಮುದ್ದೆ. ಚಟ್ನಿಯಲ್ಲೆಲ್ಲ ಇರುತ್ತದೆ. "ತಂಪ ದಾಗಿಂಗ್" ಅಂದರೆ ಮಾಂಸವಿಲ್ಲದೆ ಎಂದಷ್ಟೇ. "ತಂಪ ತೆರಾಸಿ" ಎಂದೂ ಸೇರಿಸಿ.

ಕಾಫಿ?

ಗಾಜಿನ ಲೋಟಕ್ಕೆ ಪುಡಿ ಹಾಕಿ ಕುದಿನೀರು ಹೊಯ್ದು ಹಾಗೇ ಕೊಡುತ್ತಾರೆ, ಹೆಸರು ಕೋಪಿ ತುಬ್ರುಕ್. ಚರಟ ತಳಕ್ಕಿಳಿಯುವವರೆಗೆ ಮಾತಾಡುತ್ತ ಕೂರಬೇಕು. ಡಚ್ಚರು 17ನೇ ಶತಮಾನದ ಕೊನೆಯಲ್ಲಿ ಜಾವಾಕ್ಕೆ ಕಾಫಿ ಸಸಿ ತಂದದ್ದು ನಮ್ಮ ಮಲಬಾರ್ ಕರಾವಳಿಯಿಂದ. ಬಾಬಾ ಬುಡನ್ ಕತೆ ಗೊತ್ತಿರುವ ಚಿಕ್ಕಮಗಳೂರಿನವರು ಇಲ್ಲಿ ಕುಳಿತು ಸ್ವಲ್ಪ ಹೆಮ್ಮೆ ಪಡಬಹುದು. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಲುವಾಕ್ ಕಾಫಿ ಎಂದು ಆ ಬೆಕ್ಕನ್ನು ಪಂಜರದಲ್ಲಿ ಕೂಡಿಹಾಕಿ ತೋರಿಸುವ ಕಡೆ ಹೋಗಬೇಡಿ. ಅದರ ಕಣ್ಣು ನೋಡಿದ ಮೇಲೆ ಕಾಫಿ ಇಳಿಯುವುದಿಲ್ಲ.

ಭಾಷೆ ಕಲಿಯಲು ಕಷ್ಟವೇ?

ಇಂಡೋನೇಷ್ಯನ್ ಸುಲಭ. ಕ್ರಿಯಾಪದಕ್ಕೆ ಕಾಲವಿಲ್ಲ, ಲಿಂಗವಿಲ್ಲ. ಮುಕ ಅಂದರೆ ಮುಖ, ದೋಸ ಅಂದರೆ ಪಾಪ, ಸುಆಮಿ ಅಂದರೆ ಗಂಡ. ಪುರ ಅಂದರೆ ಮಾತ್ರ ಬಾಲಿಯಲ್ಲಿ ದೇವಸ್ಥಾನ. ಬಾಲಿ ಭಾಷೆ ಬೇರೆಯದೇ, ಎದುರಿಗಿರುವವರ ಸ್ಥಾನಮಾನ ನೋಡಿ ಪದ ಬದಲಾಗುತ್ತದೆ. ಅದರ ತಂಟೆಗೆ ಹೋಗದೆ "ಓಂ ಸ್ವಸ್ತ್ಯಸ್ತು" ಅಂದರೆ ಸಾಕು.

ದಾರಿಯಲ್ಲಿ ಕಂಡವರೆಲ್ಲ "ಕಿಜ?" ಅನ್ನುತ್ತಾರೆ. ಎಲ್ಲಿಗೆ? ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ದೂರ ಹೊರಟ್ರಾ ಎನ್ನಬೇಕು ಎಂದು ಅಮ್ಮ ಕಲಿಸಿದ್ದು ತಲೆಯಲ್ಲಿದ್ದು, ಮೊದಮೊದಲು ಪ್ರತಿ ಸಲವೂ ಹೊಸಿಲಿಗೆ ಮರಳಿ ಎರಡು ನಿಮಿಷ ಕೂತು ಹೋಗಬೇಕು ಅನ್ನಿಸುತ್ತಿತ್ತು. ಅವರಿಗೆ ಉತ್ತರ ಬೇಕಾಗಿರುವುದಿಲ್ಲ. "ಜಾಲನ್-ಜಾಲನ್", ಸುಮ್ಮನೆ ತಿರುಗಾಟ, ಎಂದರೆ ಮುಗಿಯಿತು.

ಹೆಸರುಗಳ ಗೊಂದಲ ಮಾತ್ರ ಇದ್ದೇ ಇದೆ. ಮೊದಲ ಮಗು ವಯಾನ್, ಎರಡನೆಯದು ಮಾದೆ, ಮೂರು ಞೊಮನ್, ನಾಲ್ಕು ಕೆತುತ್, ಗಂಡಾಗಲಿ ಹೆಣ್ಣಾಗಲಿ. ಐದಕ್ಕೆ ಮತ್ತೆ ವಯಾನ್. ರಸ್ತೆಯಲ್ಲಿ ವಯಾನ್ ಎಂದು ಕೂಗಿದರೆ ನಾಲ್ವರು ತಿರುಗುತ್ತಾರೆ.

ಗುಡಿಯೊಳಗೆ ನಮ್ಮನ್ನು ಬಿಡುತ್ತಾರಾ?

ಪೂಜೆಗೆ ಬಂದವರಾಗಿ, ಸರೊಂಗ್ ಉಟ್ಟು ಸೊಂಟಕ್ಕೆ ಪಟ್ಟಿ ಕಟ್ಟಿ ಬಂದರೆ ಬಿಡುತ್ತಾರೆ. ಕುಳಿತು, ಬೆರಳ ತುದಿಯಲ್ಲಿ ಹೂ ಹಿಡಿದು ಹಣೆಗೆತ್ತಿ ಪ್ರಾರ್ಥನೆ. ಆಮೇಲೆ ತೀರ್ತ, ಹಣೆಗೆ ಬಿಜ ಎಂಬ ಒದ್ದೆ ಅಕ್ಕಿ. ಪಕ್ಕದವರನ್ನು ನೋಡಿ ಮಾಡಿ. ಮುಟ್ಟಾದವರು, ಮನೆಯಲ್ಲಿ ಸಾವಾದವರು ಒಳಗೆ ಹೋಗುವಂತಿಲ್ಲ, ಬಾಗಿಲಲ್ಲೇ ಬರೆದಿರುತ್ತದೆ. ಊರ ಗುಡಿಯ ಜಾತ್ರೆ ಸಾಮಾನ್ಯವಾಗಿ 210 ದಿನಕ್ಕೊಮ್ಮೆ. ಹಾಗಾಗಿ ಹೋದ ವರ್ಷದ ತಾರೀಕು ನೋಡಿಕೊಂಡು ಬರಬೇಡಿ.

ಞೆಪಿ ದಿನ ನಿಜವಾಗಲೂ ವಿಮಾನ ನಿಲ್ದಾಣ ಮುಚ್ಚುತ್ತಾರಾ?

ಮುಚ್ಚುತ್ತಾರೆ, 24 ಗಂಟೆ. ಞೆಪಿ ಇಲ್ಲಿನ ಶಕ ಸಂವತ್ಸರದ ಮೊದಲ ದಿನ. ನಮ್ಮ ಯುಗಾದಿಯೂ ಅದೇ ಶಕೆಯದು. 2023ರ ಮಾರ್ಚ್ 22ಕ್ಕೆ, 2026ರ ಮಾರ್ಚ್ 19ಕ್ಕೆ ಎರಡೂ ಒಂದೇ ದಿನ ಬಂದವು. 2024ರಲ್ಲಿ ಒಂದು ತಿಂಗಳು ತಪ್ಪಿತು, ಅಧಿಕಮಾಸದ ಲೆಕ್ಕ ಬೇರೆ. ನಾವು ಒಬ್ಬಟ್ಟು ತಟ್ಟುವ ದಿನ ಇವರು ಒಲೆ ಹಚ್ಚುವುದಿಲ್ಲ. ಬೆಂಕಿ, ಕೆಲಸ, ಪ್ರಯಾಣ, ಮನರಂಜನೆ ನಾಲ್ಕೂ ಇಲ್ಲ, ಮೊಬೈಲ್ ಇಂಟರ್‌ನೆಟ್ ಕೂಡ ಕಡಿತ. ಕಪ್ಪುಬಿಳಿ ಚೌಕುಳಿ ಬಟ್ಟೆ ಸುತ್ತಿದ ಪೆಚಲಂಗ್‌ಗಳು ಬೀದಿ ಕಾಯುತ್ತಾರೆ. ನಾನೊಮ್ಮೆ ಬೇವುಬೆಲ್ಲದ ಬದಲು ಸೊಪ್ಪು ಬೆಲ್ಲ ಬಾಯಿಗೆ ಹಾಕಿಕೊಂಡು ಕತ್ತಲಲ್ಲಿ ಜಗುಲಿಯ ಮೇಲೆ ಕುಳಿತೆ. ಪಾತ್ರೆ ತೆಗೆದ ಸದ್ದಿಗೆ ಬೀದಿಯಿಂದ ಒಂದು ಟಾರ್ಚು ನನ್ನ ಮುಖದ ಮೇಲೆ ಬಿತ್ತು.

ನಿಶ್ಶಬ್ದವಾಗಿ ಬರೆಯಲು, ಧ್ಯಾನ ಮಾಡಲು ಒಳ್ಳೆಯ ಜಾಗವಲ್ಲವೇ?

ಆ ಒಂದು ದಿನ. ಉಳಿದ ದಿನ ನಸುಕಿನ ನಾಲ್ಕಕ್ಕೆ ಕೋಳಿ. ರಸ್ತೆ ಬದಿಯಲ್ಲಿ ಗಂಟೆಯಾಕಾರದ ಬಿದಿರು ಬುಟ್ಟಿಗಳಡಿ ಹುಂಜಗಳು ಸಾಲಾಗಿ ಕುಳಿತಿರುತ್ತವೆ, ಲೋಕ ನೋಡಿ ಧೈರ್ಯ ಬರಲಿ ಅಂತ. ಕರಾವಳಿಯ ಕೋಳಿ ಅಂಕ ಕಂಡವರಿಗೆ ಇಲ್ಲಿನ ತಜೆನ್ ಹೊಸದಲ್ಲ. ಗುಡಿಯಲ್ಲಿ ರಕ್ತ ಬೀಳಬೇಕು ಎಂಬ ಆಚರಣೆ ಒಂದು ಕಡೆ, ಕಾನೂನು ನಿಷೇಧಿಸಿದ ಜೂಜು ಇನ್ನೊಂದು ಕಡೆ, ವಾದವೂ ಅದೇ. ಹಗಲು ಮಗ್ಗದ ಸದ್ದು, ಇಲ್ಲಿನ ಸೊಂಗ್‌ಕೆತ್, ಎಂದೆಕ್ ಬಟ್ಟೆಗಳು ಹೆಸರುವಾಸಿ. ಎಂದೆಕ್‌ನಲ್ಲಿ ಹೊಕ್ಕಿನ ನೂಲನ್ನು ಮೊದಲೇ ಕಟ್ಟಿ ಬಣ್ಣದಲ್ಲಿ ಅದ್ದಿ ಆಮೇಲೆ ನೇಯುತ್ತಾರೆ. ನೇಯುವವರ ಮನೆಯಲ್ಲೇ ಕೊಳ್ಳಿ, ಚೌಕಾಸಿ ಮಿತವಾಗಿರಲಿ. ರಾತ್ರಿ ಗಮೆಲಾನ್ ವಾದ್ಯಮೇಳದ ಅಭ್ಯಾಸ.

ನಾಯಿ ಕಚ್ಚಿದರೆ? ಆಸ್ಪತ್ರೆ?

ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಕಚ್ಚಿದರೆ, ಪರಚಿದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಪುಸ್ಕೆಸ್‌ಮಸ್‌ಗೆ ಹೋಗಿ, ಅದು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರ. ದೊಡ್ಡ ಕಾಯಿಲೆಗೆ ದೆನ್‌ಪಸಾರ್. ವಯಸ್ಸಾದ ತಂದೆತಾಯಿಯನ್ನು ಕರೆತರುವವರು ಆ ಎರಡು ಗಂಟೆ ದಾರಿಯನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ಪರ್ವತ ಸಿಡಿದರೆ?

1963ರಲ್ಲಿ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ರಸ್ತೆಯಲ್ಲಿ ಎದುರಾಗುವ ಲಾರಿಗಳ ಕಪ್ಪು ಮರಳು ಆ ಪರ್ವತ ಉಗುಳಿದ್ದೇ. 2017ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಕೊನೆಯ ಹಂತಕ್ಕೇರಿ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು, ನವೆಂಬರಿನಲ್ಲಿ ಬೂದಿಯಿಂದ ವಿಮಾನ ನಿಲ್ದಾಣ ಮುಚ್ಚಿತು. ಎಚ್ಚರಿಕೆಗೆ ನಾಲ್ಕು ಹಂತ: ನಾರ್ಮಲ್, ವಸ್ಪದ, ಸಿಯಗ, ಅವಸ್. ಮನೆ ಹಿಡಿಯುವಾಗ ಹೊಳೆಪಾತ್ರದಿಂದ ಎಷ್ಟು ಎತ್ತರದಲ್ಲಿದೆ ನೋಡಿ, ಮಳೆಗಾಲದಲ್ಲಿ ಬೂದಿ, ಕಲ್ಲು ಕೆಸರಾಗಿ ಇಳಿಯುವುದು ಹೊಳೆಯಲ್ಲೇ. 2017ರಲ್ಲಿ ಮನೆ ಬಿಡಬೇಕಾದವರು ಮೊದಲು ಕೇಳಿದ್ದು ಹಸುಗಳನ್ನೇನು ಮಾಡುವುದು ಎಂದು. ಮೇವಿಗಾಗಿ ದಿನವೂ ಅಪಾಯದ ವಲಯದೊಳಗೆ ಹೋಗಿ ಬಂದವರು ನಮ್ಮ ಕೇರಿಯಲ್ಲೇ ಇದ್ದಾರೆ.

ಯಾವಾಗ ಬರಲಿ, ಏನು ತರಲಿ?

ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ. ಮಲೆನಾಡಿನವರಿಗೆ ಮಳೆಗಾಲವೂ ನಡೆಯುತ್ತದೆ. ಬೀಜ, ಸಸಿ, ಹಸಿ ತರಕಾರಿ ತರಬೇಡಿ, ನಿಲ್ದಾಣದ ಕ್ವಾರಂಟೈನಿನವರು ಕಿತ್ತಿಟ್ಟುಕೊಳ್ಳುತ್ತಾರೆ. ಹುಣಸೆ, ಬೆಲ್ಲ, ತೆಂಗು, ಅರಿಶಿನ, ಮೆಣಸಿನಕಾಯಿ ಇಲ್ಲೇ ಧಾರಾಳ. ಈ ಹಳ್ಳಿಯ ಅಂಗಡಿಯಲ್ಲಿ ಸಿಗದೇ ಇರುವುದು ತೊಗರಿಬೇಳೆ ಮತ್ತು ಇಂಗು. ಒಂದು ಕಿಲೋ ಬೇಳೆ ನನಗೆ, ಇನ್ನೊಂದು ಕಿಲೋ ಕೆಲಿಯನ್ ಮನೆಗೆ. ಅವನ ಹೆಂಡತಿಗೆ ನಮ್ಮ ಸಾರು ಹಿಡಿಸಿಬಿಟ್ಟಿದೆ, ಆದರೆ ಇಂಗು ಬೇಡವಂತೆ.